ಬಿದ್ದ ಮರ ಯಾರ ಪಾಲು?

ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿಗೆ ಸಂಜೆ ಹೊತ್ತು ಒಂದು ಜೋರು ಗಾಳಿಮಳೆ ಬಂದರೆ, ಮಾರನೇ ಬೆಳಿಗ್ಗೆ ಬೀದಿಗೆ ಅಡ್ಡ ಬಿದ್ದ ಮರದ ಸುತ್ತ ಸಣ್ಣ ಸಂತೆಯೇ ನೆರೆದಿರುತ್ತದೆ. ಜಖಂ ಆದ ಕಾರಿನ ಫೋಟೊ ತೆಗೆಯುವವರು, ಪಾಲಿಕೆಯನ್ನು ಬೈಯುವವರು, ಬೆಸ್ಕಾಂಗೆ ಫೋನ್ ಹಚ್ಚುವವರು. ಇವರ ನಡುವೆ ಕೈಯಲ್ಲೊಂದು ಮಚ್ಚು, ಸೊಂಟಕ್ಕೆ ಸಿಕ್ಕಿಸಿದ ಹಗ್ಗದೊಂದಿಗೆ ಬಂದು ಸುಮ್ಮನೆ ನಿಲ್ಲುವ ಕೆಲವು ಹೆಂಗಸರೂ ಇರುತ್ತಾರೆ. ಗರಗಸದ ಯಂತ್ರ ಗುರ್ರೆಂದು ಕೊಂಬೆ ತುಂಡರಿಸುತ್ತಿದ್ದಂತೆ ಅವರ ಮಾತು ಶುರು: ‘ಅಣ್ಣಾ, ಅದೊಂದು ಇತ್ಲಾಗೆ ಎಸಿ.’ ಯಂತ್ರ ಹಿಡಿದವನೂ ಎಸೆಯುತ್ತಾನೆ. ಅಷ್ಟು ಕಸ ಲಾರಿಗೆ ತುಂಬುವುದು ತಪ್ಪಿತಲ್ಲ!

ಈ ಕೊಡು-ಕೊಳ್ಳುವಿಕೆಗೆ ರಸೀದಿ ಇಲ್ಲ, ಆದೇಶ ಇಲ್ಲ. ದಪ್ಪ ದಿಮ್ಮಿ ಹರಾಜಿಗೆ, ಎಲೆ ತರಗು ತಿಪ್ಪೆಗೆ, ನಡುವಿನ ಮೊಣಕೈ ಗಾತ್ರದ ಕೊಂಬೆಗಳು ಹೊತ್ತವರಿಗೆ. ಊರಿನ ಗೋಮಾಳದಲ್ಲಿ, ಕೆರೆ ಏರಿಯ ಮೇಲೆ, ಸಾಲುಮರದ ಕೆಳಗೆ ತಲೆತಲಾಂತರದಿಂದ ನಡೆದು ಬಂದ ಪದ್ಧತಿಯೇ ಡಾಂಬರು ರಸ್ತೆಗೂ ಬಂದು ಕೂತಿದೆ. ಬಿದ್ದದ್ದು ಬಡವರ ಪಾಲು ಎನ್ನುವುದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಅಲ್ಲಗಳೆದೂ ಇಲ್ಲ.

ಬೆಂಗಳೂರಿನಲ್ಲಿ ಬೀಳುವ ಮರಗಳಿಗೇನೂ ಬರವಿಲ್ಲ. 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರು ವರ್ಷವಿಡೀ ಒಂದಲ್ಲ ಒಂದು ಬೀದಿಯಲ್ಲಿ ಹೂವಿರಬೇಕೆಂದು ಬಗೆಬಗೆಯ ಮರ ಹಾಕಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಲಕ್ಷಗಟ್ಟಲೆ ಸಸಿ ನೆಡಿಸಿದರು. ಮಡಗಾಸ್ಕರ್‌ನ ಗುಲ್‌ಮೊಹರ್, ಅಮೆರಿಕ ಖಂಡದ ಮಳೆಮರ, ಆಫ್ರಿಕಾದ ನೀರುಕಾಯಿ ಮರಗಳು ಬೇಗ ಬೆಳೆದು ನೆರಳು ಕೊಟ್ಟವು. ಆದರೆ ಗುಲ್‌ಮೊಹರ್‌ನ ಕೊಂಬೆ ಮೊದಲೇ ಪೆಡಸು. ಅದರ ಮೇಲೆ ಒಂದು ಕಡೆ ಚರಂಡಿಗೆಂದು, ಇನ್ನೊಂದು ಕಡೆ ಕೇಬಲ್ಲಿಗೆಂದು ಬೇರು ಕಡಿದು, ಬುಡಕ್ಕೆ ಕಾಂಕ್ರೀಟ್ ಸುರಿದ ಮೇಲೆ ಮುಂಗಾರಿನ ಮೊದಲ ಗಾಳಿಗೆ ಅದು ಮಲಗದೆ ಇನ್ನೇನು ಮಾಡೀತು? ಸಿಡಿಲು ಗಾಳಿಯ ಮೇಲೆ ಹೊರಿಸುವ ತಪ್ಪಿನಲ್ಲಿ ಅರ್ಧ ನಮ್ಮದೇ.

ಕಾನೂನಿನ ಕಣ್ಣಲ್ಲಿ ರಸ್ತೆಬದಿಯ ಮರ ಸರ್ಕಾರದ ಸ್ವತ್ತು, ಬಿದ್ದ ಮೇಲೂ ಅದು ಸ್ವತ್ತೇ. ಕಟ್ಟುನಿಟ್ಟಾಗಿ ನೋಡಿದರೆ ಕೇಳದೆ ಎತ್ತುವ ಒಂದು ಹೊರೆ ಪುಳ್ಳೆಯೂ ತಕರಾರಿನ ವಸ್ತು. ನಿಮ್ಮದೇ ಜಮೀನಿನ ಮರವಾದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ಅದೇ ಕಾಯ್ದೆ ಸತ್ತ, ರೋಗ ಹಿಡಿದ, ಗಾಳಿಗೆ ಬಿದ್ದ ಮರಗಳಿಗೆ ಅನುಮತಿ ನಿರಾಕರಿಸಬಾರದು ಎಂದೂ ಹೇಳುತ್ತದೆ. ಕಾಡಿನಲ್ಲಿ ಲೆಕ್ಕ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಜೇನು, ಬಿದಿರು, ಬೆತ್ತದ ಜೊತೆಗೆ ಕುರುಚಲು ಕಟ್ಟಿಗೆಯನ್ನೂ ಮರದ ಬೊಡ್ಡೆಯನ್ನೂ ಸೇರಿಸಿದೆ. ಅಂದರೆ ಸೋಲಿಗರ ಹಾಡಿಯ ಹೆಣ್ಣುಮಗಳಿಗೆ ಕಾಗದದ ಮೇಲೆ ಇರುವ ಹಕ್ಕು ಬೆಂಗಳೂರಿನ ತಗಡಿನ ಶೆಡ್ಡಿನ ಹೆಣ್ಣುಮಗಳಿಗೆ ಇಲ್ಲ. ಇವಳದು ಗರಗಸ ಹಿಡಿದವನ ಮರ್ಜಿ.

ಯಾರು ಈಕೆ? ಹೆಚ್ಚಾಗಿ ಕಟ್ಟಡ ಕೆಲಸಕ್ಕೆಂದು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವಳು. ಮೂರು ಇಟ್ಟಿಗೆ ಇಟ್ಟರೆ ಒಲೆ ಆಯಿತು. ರೊಟ್ಟಿಗೆ ಹದವಾದ ಉರಿ ಬೇಕು, ಸಿಕ್ಕಿದ್ದನ್ನೆಲ್ಲ ಒಲೆಗೆ ತುರುಕಿದರೆ ಆಗದು. 2016ರ ಉಜ್ವಲ ಯೋಜನೆಯ ಸಿಲಿಂಡರ್ ಊರಿನ ಮನೆಯಲ್ಲಿ ಅತ್ತೆಯ ಬಳಿ ಇರಬಹುದು, ಇಲ್ಲಿಗೆ ಅದು ಬರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ರಾಜ್ಯದ ಸುಮಾರು ಶೇ 80ರಷ್ಟು ಮನೆಗಳು ಅಡುಗೆಗೆ ಹೊಗೆಯಿಲ್ಲದ ಇಂಧನ ಬಳಸುತ್ತವೆ ಎಂದಿತು. ನಂಬೋಣ. ಆದರೆ ಸಮೀಕ್ಷೆ ಕೇಳಿದ್ದು ಅಡುಗೆಗೆ ಮುಖ್ಯವಾಗಿ ಯಾವ ಇಂಧನ ಅಂತ. ಸ್ನಾನದ ನೀರು, ದನದ ಹುರುಳಿ, ಹಬ್ಬದ ದಿನದ ದೊಡ್ಡ ಪಾತ್ರೆ ಆ ಲೆಕ್ಕದಲ್ಲಿ ಇಲ್ಲ. ಮಲೆನಾಡಿನಲ್ಲಿ ಗ್ಯಾಸ್ ಒಲೆ ಇರುವ ಮನೆಯಲ್ಲೂ ಬಚ್ಚಲೊಲೆ ಮುಂಜಾನೆಯೇ ಹೊತ್ತಿಕೊಳ್ಳುತ್ತದೆ.

ಬಿದ್ದ ಮರವೆಲ್ಲ ಉರಿಯುವ ಮರವಲ್ಲ ಎಂಬುದು ಮಚ್ಚು ಹಿಡಿದು ಬಂದವಳಿಗೆ ದೂರದಿಂದಲೇ ಗೊತ್ತು. ನೀರುಕಾಯಿ ಮರ ಬಿದ್ದಿದ್ದರೆ ಆಕೆ ಹತ್ತಿರವೂ ಸುಳಿಯುವುದಿಲ್ಲ. ಅದು ಹತ್ತಿಕೊಳ್ಳುವುದೇ ಕಷ್ಟ. ನುಗ್ಗೆ, ಬೂರುಗ, ಹಾಲುವಾಣ ಹೊರಲು ಹಗುರ, ಒಲೆಗಿಟ್ಟರೆ ಕೆಂಡವೇ ನಿಲ್ಲದೆ ಬೂದಿಯಾಗುತ್ತವೆ. ನೀಲಗಿರಿಯ ಎಲೆ-ತರಗು ಎಣ್ಣೆಯಂಶದಿಂದ ಭಗ್ಗೆಂದು ಏಳುತ್ತದೆ. ಒಲೆ ಹಚ್ಚಲು ಸರಿ, ಅನ್ನ ಬೇಯಿಸಲು ಸಾಲದು. ಹುಣಸೆ, ಜಾಲಿ, ಗಾಳಿಮರಗಳದ್ದು ಬೇರೆಯೇ ದರ್ಜೆ. ಒಡೆಯುವಾಗ ಕೊಡಲಿಯ ಬಾಯಿ ಮುರಿಯುವಷ್ಟು ಗಟ್ಟಿ, ಒಮ್ಮೆ ಕೆಂಡವಾದರೆ ರಾತ್ರಿಯ ಕೆಂಡ ಬೆಳಿಗ್ಗೆಗೂ ಉಳಿಯುತ್ತದೆ. ಉತ್ತರ ಕರ್ನಾಟಕದ ಒಣಸೀಮೆಯಲ್ಲಿ ಬಳ್ಳಾರಿ ಜಾಲಿಯನ್ನು ಹೊಲ ಹಾಳುಮಾಡಿತೆಂದು ಬೈಯುವ ಬಾಯಿಯೇ ಅದರ ಉರಿಯನ್ನು ಹೊಗಳುತ್ತದೆ. ಎರಡೂ ನಿಜ.

ಮುಟ್ಟಬಾರದವೂ ಇವೆ. ಕಣಗಿಲೆಯ ಕಡ್ಡಿ ಒಲೆಗೆ ಹೋಗಕೂಡದು, ಅದರ ಹೊಗೆಯೂ ವಿಷ. ಮಲೆನಾಡಿನಲ್ಲಿ ಚೇರಿನ ಮರ ಗುರುತಿಸದೆ ಕೊಂಬೆ ಕಡಿದವರಿಗೆ ಸೊನೆ ತಾಗಿ ಮೈಯೆಲ್ಲ ಬೊಬ್ಬೆ. ನಗರದಲ್ಲಿ ಇವಕ್ಕಿಂತ ಅಪಾಯದ್ದು ಬಣ್ಣ ಬಳಿದ ಹಳೇ ಬಾಗಿಲು, ಅಂಟು ಮೆತ್ತಿದ ಪ್ಲೈವುಡ್ ಚೂರು. ಪುಕ್ಕಟೆ ಸಿಗುತ್ತವೆ, ಚೆನ್ನಾಗಿ ಹತ್ತಿಕೊಳ್ಳುತ್ತವೆ, ಗಂಟಲು ಸುಡುತ್ತವೆ. ಇದನ್ನು ತಿಳಿಸಿ ಹೇಳಲು ಯಾವ ಇಲಾಖೆಯೂ ಶೆಡ್ಡಿನ ತನಕ ಹೋದದ್ದು ನಾನು ಕಂಡಿಲ್ಲ.

ಒಯ್ದ ಕೂಡಲೇ ಉರಿಸುವ ಹಾಗೂ ಇಲ್ಲ. ಆಗತಾನೆ ಬಿದ್ದ ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಆ ನೀರನ್ನು ಆವಿ ಮಾಡುವುದರಲ್ಲೇ ಉರಿಯ ಒಂದು ಪಾಲು ಹೋಗುತ್ತದೆ, ಉಳಿದದ್ದು ತಣ್ಣಗೆ ಉರಿದು ಹೊಗೆ ಕಾರುತ್ತದೆ. ತೇವ ಶೇ 20ಕ್ಕಿಂತ ಕೆಳಗಿಳಿದರೆ ಮಾತ್ರ ಅದು ಸೌದೆ. ಅದಕ್ಕೆ ಸಿಗಿದು ಹೋಳು ಮಾಡಬೇಕು, ಗೆದ್ದಲು ಹತ್ತದಂತೆ ಕೆಳಗೆ ಕಲ್ಲು ಕೊಟ್ಟು ಒಟ್ಟಬೇಕು, ನೆತ್ತಿಗಷ್ಟೇ ತಗಡು ಹೊದೆಸಿ ಪಕ್ಕ ಗಾಳಿಗೆ ಬಿಡಬೇಕು. ಒಣಗಿತೋ ಇಲ್ಲವೋ ನೋಡಲು ಯಂತ್ರ ಬೇಡ. ಎರಡು ಹೋಳನ್ನು ಒಂದಕ್ಕೊಂದು ಬಡಿದರೆ ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ದೊಪ್ ಎನ್ನುತ್ತದೆ. ತುದಿಯಲ್ಲಿ ಬಿರುಕು ಬಿಟ್ಟು ತೊಗಟೆ ತಾನಾಗಿ ಸಡಿಲವಾದರೆ ಇನ್ನೂ ಒಳ್ಳೆಯದು. ಒಟ್ಟಿಲಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟುವುದು ಬೇರೆಯೇ ಪಾಠ. ಚೇಳಿಗೆ, ಹಾವಿಗೆ ಅದಕ್ಕಿಂತ ಬೆಚ್ಚನೆಯ ಮನೆ ಬೇಕೆ? ಮಲೆನಾಡಿನ ಮನೆಗಳಲ್ಲಿ ಈ ಕೆಲಸವೆಲ್ಲ ಮೇ ತಿಂಗಳೊಳಗೆ ಮುಗಿಯಬೇಕು. ಮೃಗಶಿರ ಮಳೆ ಹಿಡಿದ ಮೇಲೆ ತಂದ ಕಟ್ಟಿಗೆಯನ್ನು ಒಲೆಯ ಮೇಲಿನ ಅಟ್ಟವೇ ಒಣಗಿಸಬೇಕು.

ಶೆಡ್ಡಿನವಳಿಗೆ ಇದಾವುದಕ್ಕೂ ಜಾಗವಿಲ್ಲ. ಇವತ್ತು ತಂದದ್ದು ನಾಳಿದ್ದು ಒಲೆಗೆ. ಅದಕ್ಕೇ ಆಕೆ ದಪ್ಪದ್ದನ್ನು ಬಿಟ್ಟು ಸಣ್ಣದನ್ನು ಆರಿಸುತ್ತಾಳೆ, ಸಾಧ್ಯವಾದರೆ ಮರದಲ್ಲೇ ಒಣಗಿದ್ದ ಕೊಂಬೆಯನ್ನು. ಪುಕ್ಕಟೆ ಸೌದೆಗೆ ಆಕೆ ಕೊಡುವ ಬೆಲೆ ಕೂಲಿಗೆ ಹೋಗುವ ಮೊದಲಿನ ಬೆಳಗಿನ ಹೊತ್ತು, ಕುತ್ತಿಗೆಯ ನೋವು, ಹೊಗೆ ಕುಡಿದ ಕಣ್ಣು. ‘ಉಚಿತ’ ಎಂಬ ಪಟ್ಟಿಯಲ್ಲಿ ಇವನ್ನೆಲ್ಲ ಹಾಕಿ ಕೂಡಿಸುವವರು ಕಡಿಮೆ.

ಕೂಡಿಸಿದವರೂ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗೊದಗುವ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಕೇಂದ್ರ ಆರಂಭಿಸಿದ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಅವರ ಸಂಗಡಿಗರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಕೂತು ಊರಿನ ಶಕ್ತಿಯ ಲೆಕ್ಕ ಬರೆದರು. ಎತ್ತಿನ ದುಡಿಮೆ, ಸೀಮೆಎಣ್ಣೆ, ವಿದ್ಯುತ್ತು ಎಲ್ಲ ಸೇರಿಸಿದರೂ ಊರನ್ನು ನಡೆಸುತ್ತಿದ್ದದ್ದು ಬಹುಪಾಲು ಸೌದೆಯೇ. ಅದರಲ್ಲಿ ಕೊಂಡದ್ದು ತೀರ ಅಲ್ಪ, ಉಳಿದದ್ದೆಲ್ಲ ಮನೆಯವರೇ ಆರಿಸಿ ತಂದದ್ದು. ಒಲೆಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಕಡ್ಡಿ-ಪುಳ್ಳೆಗಳೇ, ಕಡಿದ ಮರವಲ್ಲ. ಕಾಡು ಬೋಳಾಗಲು ಬಡವರ ಒಲೆಯೇ ಕಾರಣ ಎನ್ನುವ ಮಾತು ಆಗ ಚಾಲ್ತಿಯಲ್ಲಿತ್ತು, ಈಗಲೂ ಸಭೆಗಳಲ್ಲಿ ಕೇಳುತ್ತದೆ. ಪುಳ್ಳೆ ಆರಿಸುವವಳ ಕೈಯಲ್ಲಿ ಕಾಡು ಬೋಳಾಗುವುದಿಲ್ಲ. ನಗರಕ್ಕೆ, ಕಾರ್ಖಾನೆಗೆ ಲಾರಿಯಲ್ಲಿ ಹೋಗುವ ದಿಮ್ಮಿಯ ಕಥೆ ಬೇರೆ. ಆ ಕೇಂದ್ರದಿಂದಲೇ ಬಂದ ಅಸ್ತ್ರ ಒಲೆ ಮೂರು ಕಲ್ಲಿನ ಒಲೆಗಿಂತ ಎಷ್ಟೋ ಕಡಿಮೆ ಸೌದೆಯಲ್ಲಿ ಅದೇ ಅಡುಗೆ ಮಾಡುತ್ತಿತ್ತು, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುತ್ತಿತ್ತು.

ಕರಾವಳಿಯವರು ಇಷ್ಟು ಹೊತ್ತಿಗೆ ನೆರೆಯ ಕಟ್ಟಿಗೆಯ ಮಾತೇ ಬರಲಿಲ್ಲವಲ್ಲ ಎಂದುಕೊಂಡಿರುತ್ತಾರೆ. ಮಳೆಗಾಲದಲ್ಲಿ ನೇತ್ರಾವತಿ ಕೆಂಪಗೆ ಉಕ್ಕಿದಾಗ ಘಟ್ಟದಿಂದ ಬುಡಮೇಲಾದ ಮರಗಳು ತೇಲಿ ಬರುತ್ತವೆ. ಕೊಕ್ಕೆ ಕಟ್ಟಿದ ಹಗ್ಗ ಎಸೆದು ಅವನ್ನು ದಡಕ್ಕೆಳೆಯುವ ಹುಡುಗರ ಧೈರ್ಯಕ್ಕೆ ಚಪ್ಪಾಳೆ ತಟ್ಟಲು ಮನಸ್ಸು ಬರುತ್ತದೆ, ತಟ್ಟಬಾರದು. ನೀರಿನಲ್ಲಿ ದಿಮ್ಮಿ ತಿರುಗಿದರೆ ಹಗ್ಗದೊಂದಿಗೆ ಮನುಷ್ಯನೂ ಹೋಗುತ್ತಾನೆ. ನೀರಿಳಿದ ಮೇಲೆ ಹೊಳೆಯಂಚಿನಲ್ಲಿ, ಸೇತುವೆ ಕಂಬದ ಬುಡದಲ್ಲಿ ಸಿಕ್ಕಿಕೊಂಡದ್ದೇ ಸಾಕಷ್ಟಿರುತ್ತದೆ.

ಕಾಡಿನೊಳಗೆ ಒಣಗಿ ನಿಂತದ್ದು, ಬಿದ್ದದ್ದೆಲ್ಲ ನಮ್ಮದೆನ್ನುವುದೂ ಸರಿಯಲ್ಲ. ನಿಂತ ಒಣಮರದಲ್ಲಿ ಮರಕುಟಿಗ ಕೊರೆದ ಪೊಟರೆಯಲ್ಲಿ ಗಿಳಿ, ಹಾಲಕ್ಕಿ, ಗೂಬೆ ಸಂಸಾರ ಹೂಡುತ್ತವೆ. ಕೊಳೆತ ದಿಮ್ಮಿಯಲ್ಲಿ ಜೀರುಂಡೆಯ ಹುಳು ಬೆಳೆಯುತ್ತದೆ. ರಸ್ತೆಬದಿಯಲ್ಲಿ ಈ ಮಾತಿಗೆ ಅಷ್ಟು ತೂಕವಿಲ್ಲ, ಅಲ್ಲಿ ಬಿದ್ದದ್ದು ಹೇಗೂ ಲಾರಿ ಏರುತ್ತದೆ.

ಹಾಗಿದ್ದ ಮೇಲೆ ಪಾಲಿಕೆ ಒಂದು ಸಣ್ಣ ಕೆಲಸ ಮಾಡಬಹುದು. ಕೊಂಬೆಗಳನ್ನು ಹಿಡಿಗಾತ್ರಕ್ಕೆ ಕತ್ತರಿಸಿ, ಓಡಾಟಕ್ಕೆ ಅಡ್ಡವಾಗದ ಜಾಗದಲ್ಲಿ ಎರಡು ದಿನ ಬಿಡುವುದು, ಬೇಕಾದವರು ಒಯ್ಯಬಹುದೆಂದು ಬೋರ್ಡು ಹಾಕುವುದು, ಉಳಿದದ್ದನ್ನು ಮೂರನೇ ದಿನ ಎತ್ತುವುದು. ಡೀಸೆಲ್ ಉಳಿಯುತ್ತದೆ. ಶೆಡ್ಡಿನವಳು ಯಾರ ಮರ್ಜಿಗೂ ಕಾಯದೆ, ಬೈಸಿಕೊಳ್ಳದೆ ಹೊತ್ತೊಯ್ಯುತ್ತಾಳೆ. ವಿದ್ಯುತ್ ತಂತಿ ಸಿಕ್ಕಿಕೊಂಡ ಮರದ ಹತ್ತಿರ ಲೈನ್‌ಮನ್ ಬಂದು ಹೇಳುವ ತನಕ ಯಾರೂ ಹೋಗಬಾರದೆಂದು ಅದೇ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಲಿ. ಜೊತೆಗೆ ಇನ್ನೊಂದು ಸಾಲು: ಬಿದ್ದದ್ದು ಶ್ರೀಗಂಧವಾದರೆ ಕಡ್ಡಿಯನ್ನೂ ಮುಟ್ಟದೆ ಅರಣ್ಯ ಇಲಾಖೆಗೆ ಫೋನ್ ಮಾಡಿ.