ಬೆಂಕಿಕಡ್ಡಿಯ ವಿಜ್ಞಾನ

ಸಂಜೆಯ ಹೊತ್ತು ಮಕ್ಕಳನ್ನು ಕರೆದುಕೊಂಡು ನಮ್ಮ ವಾಚನಾಲಯಕ್ಕೆ ಬರುವ ತಾಯ್ತಂದೆಗಳು ಈಚೆಗೆ ಒಂದು ಪ್ರಶ್ನೆಯನ್ನು ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಶಾಲೆಯವರು ‘ಸ್ಟೀಮ್’ ಎನ್ನುತ್ತಾರೆ, ಅದಕ್ಕೊಂದು ಬೆಲೆಬಾಳುವ ಪೆಟ್ಟಿಗೆ ಕೊಳ್ಳಿರಿ ಎನ್ನುತ್ತಾರೆ, ಏನಿದು? ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಕಲೆ, ಗಣಿತ ಈ ಐದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಐದನ್ನೂ ಬೇರೆ ಬೇರೆಯಾಗಿ ಉರುಹೊಡೆಸದೆ, ಒಂದೇ ಕೆಲಸವನ್ನು ಕೈಯಾರೆ ಮಾಡಿಸಿ ಕಲಿಸಬೇಕೆಂಬುದು ಅದರ ತಾತ್ಪರ್ಯ. ಹೆಸರು ಹೊಸದು, ಕೆಲಸ ನಮ್ಮ ದೇಶಕ್ಕೆ ಹೊಸದಲ್ಲ. ಪೆಟ್ಟಿಗೆಯಂತೂ ಬೇಕಾಗಿಯೇ ಇಲ್ಲವೆಂಬುದು ನಮ್ಮ ಅಭಿಪ್ರಾಯ.

1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ (ಈಗ ಅದಕ್ಕೆ ನರ್ಮದಾಪುರಂ ಎಂದು ಹೆಸರು) 16 ಶಾಲೆಗಳಲ್ಲಿ ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಪ್ರಯೋಗದ ಮೂಲಕವೇ ವಿಜ್ಞಾನ ಕಲಿಸತೊಡಗಿದವು. ಮಕ್ಕಳ ಪುಸ್ತಕದಲ್ಲಿ ಉತ್ತರಗಳಿಗಿಂತ ಪ್ರಶ್ನೆಗಳೇ ಹೆಚ್ಚು. ಮಾಡಿ ನೋಡಿದ್ದನ್ನು ಮಕ್ಕಳೇ ಬರೆಯಬೇಕು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಕೂರಬಹುದು; ಜೊತೆಗೆ ಕೈಯಿಂದ ಮಾಡಿ ತೋರಿಸುವ ಪರೀಕ್ಷೆಯೂ ಉಂಟು! 1982ರಲ್ಲಿ ಹುಟ್ಟಿದ ‘ಏಕಲವ್ಯ’ ಸಂಸ್ಥೆ ಈ ಕೆಲಸವನ್ನು ಮುಂದುವರಿಸಿತು; ಚಿಕ್ಕ ತರಗತಿಗಳಿಗಾಗಿ ಭಾಷೆ, ಲೆಕ್ಕ, ಪರಿಸರ ಮೂರನ್ನೂ ಬೆರೆಸಿ ‘ಖುಷೀ-ಖುಷೀ’ ಎಂಬ ಪುಸ್ತಕಗಳನ್ನೂ ತಂದಿತು.

1978ರಲ್ಲಿ ನಮ್ಮ ಪುಣೆಯ ಟೆಲ್ಕೊ ಕಾರ್ಖಾನೆಯಲ್ಲಿದ್ದ ಎಂಜಿನಿಯರ್ ಅರವಿಂದ ಗುಪ್ತಾ ರಜೆ ಪಡೆದು ಅಲ್ಲಿಗೆ ಹೋದರು. ಹಳ್ಳಿಯ ಸಂತೆಯಲ್ಲಿ ಸಿಗುವ ಸೈಕಲ್ ವಾಲ್ವಿನ ರಬ್ಬರ್ ಕೊಳವೆ ಅವರ ಕಣ್ಣಿಗೆ ಬಿತ್ತು. ಅದನ್ನು ತುಂಡು ಮಾಡಿ ಎರಡು ತುದಿಗೂ ಬೆಂಕಿಕಡ್ಡಿ ಸಿಕ್ಕಿಸಿದರೆ ಒಂದು ಕೀಲು. ಮೂರು ಕೀಲು, ಮೂರು ಕಡ್ಡಿ ಸೇರಿದರೆ ತ್ರಿಕೋನ.

ಇದನ್ನು ಮನೆಯಲ್ಲೇ ಮಾಡಬಹುದು. ಸೈಕಲ್ ರಿಪೇರಿಯವನಲ್ಲಿ ಒಂದು ಮೊಳ ವಾಲ್ವ್ ಟ್ಯೂಬ್ ಕೇಳಿ ತನ್ನಿ. ಕಡ್ಡಿಗಳ ತಲೆಯ ಮದ್ದನ್ನು ಹಿರಿಯರೇ ಕೆರೆದು ತೆಗೆದಿಡಿ. ಮಗು ಮೊದಲು ಚೌಕ ಮಾಡಲಿ. ಬೆರಳಿನಿಂದ ಒತ್ತಿದರೆ ಅದು ವಾಲಿ ಓರೆಯಾಗುತ್ತದೆ. ತ್ರಿಕೋನವನ್ನು ಒತ್ತಲಿ, ಕದಲುವುದಿಲ್ಲ. ಏಕೆ? ನಾಲ್ಕು ಕಡ್ಡಿಗಳಿಂದ ಬಗೆಬಗೆಯ ಆಕಾರ ಸಾಧ್ಯ. ಮೂರು ಕಡ್ಡಿಗಳ ಉದ್ದ ಗೊತ್ತಾಯಿತೆಂದರೆ ಆಕಾರ ಒಂದೇ, ಮೂಲೆಗಳು ಬದಲಾಗುವಂತಿಲ್ಲ. ಈ ಉತ್ತರವನ್ನು ದಯವಿಟ್ಟು ನೀವು ಮೊದಲೇ ಹೇಳಬೇಡಿ.

ಚೌಕವನ್ನು ಗಟ್ಟಿ ಮಾಡು ಎಂದಷ್ಟೇ ಹೇಳಿ. ಹೆಚ್ಚಿನ ಮಕ್ಕಳು ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಹಾಕಹೋಗುತ್ತಾರೆ, ಅದು ಸಾಲುವುದಿಲ್ಲ! ಆಗ ಪೊರಕೆಕಡ್ಡಿ ಹುಡುಕಿ ತಂದು, ಅಳೆದು ಮುರಿಯಬೇಕಾಗುತ್ತದೆ. 10 ಸೆಂಟಿಮೀಟರ್ ಬಾಹುವಿನ ಚೌಕಕ್ಕೆ 14ಕ್ಕಿಂತ ತುಸು ಹೆಚ್ಚು ಉದ್ದದ ಕರ್ಣ ಬೇಕು. ಮುಂದೆ ಹೈಸ್ಕೂಲಿನಲ್ಲಿ ಬರುವ ಪೈಥಾಗೊರಸನ ಪ್ರಮೇಯದ ಪರಿಚಯ ಹೀಗೆ ಎಂಟು ವರ್ಷದ ಬೆರಳುಗಳಿಗೆ ಆಗಿಬಿಡುತ್ತದೆ. ಆಮೇಲೆ ಮಗುವನ್ನು ರೈಲು ನಿಲ್ದಾಣಕ್ಕೆ ಕರೆದೊಯ್ಯಿರಿ. ಛಾವಣಿಯ ಕಬ್ಬಿಣದ ಪಟ್ಟಿಗಳಲ್ಲಿ, ಹೈಟೆನ್ಷನ್ ತಂತಿಯ ಗೋಪುರಗಳಲ್ಲಿ ತ್ರಿಕೋನಗಳನ್ನು ಎಣಿಸಲಿ, ಮನೆಗೆ ಬಂದು ಚಿತ್ರ ಬರೆಯಲಿ. ಐದು ವಿಷಯಗಳೂ ಇದರೊಳಗೆ ಬಂದಿಲ್ಲವೆ? ಖರ್ಚು ಒಂದು ಕಪ್ ಚಹಾದಷ್ಟು.

ಹೋಶಂಗಾಬಾದಿನ ಪ್ರಯತ್ನ ಮೊದಲ ಜಿಲ್ಲೆಯನ್ನು ದಾಟಿ ಸಾವಿರದಷ್ಟು ಶಾಲೆಗಳಿಗೆ ಹಬ್ಬಿತ್ತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿ ಎಲ್ಲೆಡೆಯ ಪಠ್ಯವನ್ನೇ ಅಲ್ಲಿಗೂ ತಂದಿತು. ಮೂವತ್ತು ವರ್ಷದ ಕೆಲಸ! ಸರ್ಕಾರವನ್ನೊಂದನ್ನೇ ದೂರಿ ಫಲವಿಲ್ಲ. ಕೈಕೆಲಸ ಆಟ, ಅಂಕ ಮಾತ್ರ ವಿದ್ಯೆ ಎಂಬ ಭಾವನೆ ಪಾಲಕರಾದ ನಮ್ಮಲ್ಲೂ ಬೇರೂರಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಡಿ ಕಲಿಯುವುದನ್ನು ಮತ್ತೆ ಎತ್ತಿ ಹೇಳಿದೆ. ತರಗತಿಗೆ ಅದು ಎಷ್ಟು ಇಳಿಯುತ್ತದೆಯೋ ನೋಡಬೇಕು.

ಹೊರನಾಡಿನ ನಮಗೆ ಇದರಲ್ಲಿ ಇನ್ನೊಂದು ಲಾಭವುಂಟು. ನಮ್ಮ ಮಕ್ಕಳು ಶಾಲೆಯಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದುತ್ತಾರೆ, ಅಂಗಳದಲ್ಲಿ ಮರಾಠಿ ಆಡುತ್ತಾರೆ. ಕನ್ನಡ ಊಟ-ತಿಂಡಿಯ ಮಾತಿಗೆ ಉಳಿದಿದೆ. ಅಜ್ಜಿಯ ಎದುರು ಕೂತು ಕಡ್ಡಿ ಜೋಡಿಸುವಾಗ ಮಾತು ತಾನಾಗಿ ಬರುತ್ತದೆ: ಬಿಗಿ, ಸಡಿಲ, ಓರೆ, ನೆಟ್ಟಗೆ, ವಾಲಿತು, ನಿಂತಿತು. ಇವು ಯಾವ ಪಾಠಪುಸ್ತಕದ ಪದಕ್ಕೂ ಕಡಿಮೆಯವಲ್ಲ. ಏಕೆ ಬಿತ್ತು ಎಂದು ಅಜ್ಜಿಗೆ ಕನ್ನಡದಲ್ಲಿ ವಿವರಿಸಬಲ್ಲ ಮಗುವಿಗೆ ವಿಷಯ ನಿಜವಾಗಿ ಅರ್ಥವಾಗಿದೆಯೆಂದೇ ನಾವು ತಿಳಿಯುತ್ತೇವೆ.

ಗುಪ್ತಾ ಅವರು 2003ರಿಂದ ಹತ್ತು ವರ್ಷಕ್ಕೂ ಮಿಕ್ಕಿ ಇಲ್ಲಿನ ಅಯುಕಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ದುಡಿದರು. 2018ರಲ್ಲಿ ಪದ್ಮಶ್ರೀ ಪಡೆದರು. ಅವರ ಜಾಲತಾಣದಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳ ಪುಸ್ತಕಗಳು ಉಚಿತವಾಗಿ ದೊರೆಯುತ್ತವೆ. ಮದ್ದು ತೆಗೆದ ಕಡ್ಡಿಗಳನ್ನೂ ಕತ್ತರಿಸಿದ ಕೊಳವೆಗಳನ್ನೂ ಒಂದು ಡಬ್ಬಿಯಲ್ಲಿ ತುಂಬಿ ವಾಚನಾಲಯದ ಮಕ್ಕಳ ಮೇಜಿನ ಮೇಲೆ ಇಟ್ಟಿದ್ದೇವೆ. ಆರು ಕಡ್ಡಿಗಳಿಂದ ನಾಲ್ಕು ತ್ರಿಕೋನ ಮಾಡಲು ಸಾಧ್ಯವೇ ಎಂಬ ಚೀಟಿಯೂ ಅದರೊಳಗಿದೆ. ಕಡ್ಡಿಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿಯೇ ಇಡಬೇಕೆಂದೇನೂ ನಾವು ಹೇಳಿಲ್ಲ.