ಹಳ್ಳಿಯ ಆಸ್ಪತ್ರೆಯಲ್ಲಿ ಔಷಧತಜ್ಞರ ವೇಳೆಯ ಬೆಲೆ

ನಾಲ್ಕಾರು ಒಳರೋಗಿಗಳಿರುವ ಸಣ್ಣ ಆಸ್ಪತ್ರೆಗೆ ಪೂರ್ಣಕಾಲದ ಔಷಧತಜ್ಞರ ವೇತನ ಹೊರಲಾರದ ಭಾರ. ಆದರೆ ರೋಗಿ ಒಬ್ಬನೇ ಆದರೂ ಅವನಿಗೆ ಬರೆದ ಔಷಧದ ಪ್ರಮಾಣ ಸರಿಯೇ, ಒಂದು ಔಷಧ ಇನ್ನೊಂದಕ್ಕೆ ವಿರೋಧವೇ ಎಂಬುದನ್ನು ನೋಡುವವರು ಬೇಕೇ ಬೇಕು. ರೋಗಿಗಳು ಕಡಮೆಯಾದ ಮಾತ್ರಕ್ಕೆ ಈ ಹೊಣೆ ಕಡಮೆಯಾಗದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಗ್ರಾಮಾಂತರ ಆಸ್ಪತ್ರೆಗಳು ಈ ತೊಡಕಿಗೆ ಕಂಡುಕೊಂಡ ಉಪಾಯವೆಂದರೆ ಅರೆಕಾಲದ ಔಷಧತಜ್ಞರು. ಅವರಿಗೆ ಹಣ ಕೊಡುವವರು ಯಾರು, ಯಾವ ಲೆಕ್ಕದಲ್ಲಿ ಎಂಬುದೇ ಪ್ರಕೃತ ವಿಚಾರ.

ಅಲ್ಲಿನ ವೃದ್ಧರ ಸರ್ಕಾರಿ ಆರೋಗ್ಯವಿಮೆಯಾದ ಮೆಡಿಕೇರ್ 1965ರಲ್ಲಿ ಸ್ಥಾಪಿತವಾಯಿತು. 1983ರಿಂದ ಅದು ಒಳರೋಗಿಯ ಕಾಯಿಲೆಯನ್ನನುಸರಿಸಿ ಗೊತ್ತಾದ ಮೊತ್ತವನ್ನು ಕೊಡತೊಡಗಿತು. ರೋಗಿಗಳ ಸಂಖ್ಯೆ ಅಲ್ಪವಾಗಿದ್ದ ಅನೇಕ ಆಸ್ಪತ್ರೆಗಳು ಇದರಿಂದ ಸಂಕಟಕ್ಕೊಳಗಾದುವು. 1997ರ ಶಾಸನವು ದೂರಪ್ರದೇಶದ ಸಣ್ಣ ಆಸ್ಪತ್ರೆಗಳಿಗೆ ಪ್ರತ್ಯೇಕ ವರ್ಗವೊಂದನ್ನು ಕಲ್ಪಿಸಿ, ಅವುಗಳಿಗೆ ನಿಜವಾದ ವೆಚ್ಚವನ್ನೇ ತುಂಬಿಕೊಡುವ ಏರ್ಪಾಡು ಮಾಡಿತು. 2004ರಿಂದ ಇದು ಒಪ್ಪತಕ್ಕ ವೆಚ್ಚದ ನೂರಕ್ಕೆ 101ರಷ್ಟಾಯಿತು.

ಔಷಧತಜ್ಞರ ಪರಿಶೀಲನೆಗೆ ಮೆಡಿಕೇರ್ ವೈದ್ಯರಿಗೆ ಕೊಡುವಂತೆ ಪ್ರತ್ಯೇಕ ಶುಲ್ಕವನ್ನು ಕೊಡುವುದಿಲ್ಲ. ಅವರ ಸಂಭಾವನೆ ಆಸ್ಪತ್ರೆಯ ವೆಚ್ಚದಲ್ಲಿ ಅಡಗಿರುತ್ತದೆ. 101 ಎಂಬ ಅಂಕಿ ಮೇಲುನೋಟಕ್ಕೆ ಲಾಭದಂತೆ ತೋರಿದರೂ, ಅದು ಮೆಡಿಕೇರ್ ರೋಗಿಗಳ ಪಾಲಿಗೆ ಬರುವ ವೆಚ್ಚಕ್ಕೆ ಮಾತ್ರ ಅನ್ವಯಿಸುತ್ತದೆ. ಉದಾಹರಣೆಗೆ, ತಜ್ಞರಿಗೆ ತಿಂಗಳಿಗೆ 1000 ಡಾಲರು ಕೊಟ್ಟು, ಅದರಲ್ಲಿ ಮೆಡಿಕೇರ್ ಪಾಲು 600 ಎಂದಾದರೆ, ಹಿಂದಿರುಗುವುದು 606. ಉಳಿದ 394 ಡಾಲರುಗಳನ್ನು ಇತರ ವಿಮೆಗಳಿಂದಲೋ ಊರಿನ ತೆರಿಗೆಯಿಂದಲೋ ಹೊಂದಿಸಬೇಕು. 2013ರಲ್ಲಿ ಆರಂಭವಾದ ನೂರಕ್ಕೆ 2ರ ಕಡಿತವನ್ನೂ ಕಳೆದರೆ, ಮೆಡಿಕೇರ್ ಪಾಲಿನಲ್ಲಿಯೂ ಪೂರ್ತಿ ವೆಚ್ಚ ಹುಟ್ಟುವುದಿಲ್ಲ.

ಕರಾರಿನ ಸ್ವರೂಪವೂ ಮುಖ್ಯ. ಊರಿನ ಔಷಧದಂಗಡಿಯವರೇ ಆಸ್ಪತ್ರೆಗೆ ಔಷಧವನ್ನೊದಗಿಸಿ, ತಮ್ಮ ಶ್ರಮದ ಬೆಲೆಯನ್ನು ಔಷಧದ ಬೆಲೆಯಲ್ಲಿಯೇ ಸೇರಿಸಿದರೆ ಲೆಕ್ಕ ಸುಲಭ. ಆದರೆ ಮಾರಾಟ ತಗ್ಗಿದಾಗ ಪರಿಶೀಲನೆಗೆ ಪ್ರತಿಫಲವೂ ತಗ್ಗುತ್ತದೆ. ಅಪಾಯಕರವಾದ ಔಷಧ ಬೇಡವೆಂದು ಸಲಹೆಯಿತ್ತವರಿಗೆ ನಷ್ಟವೇ ಬಹುಮಾನವಾಗುತ್ತದೆ! ಗಂಟೆಯ ಲೆಕ್ಕದ ಸಂಭಾವನೆಯಲ್ಲಿ ಈ ದೋಷವಿಲ್ಲ. ದುಡಿದ ವೇಳೆಯನ್ನು ಬರೆದಿಟ್ಟರೆ ವರ್ಷಾಂತ್ಯದ ವೆಚ್ಚದ ತಃಖ್ತೆಗೂ ಅದು ಆಧಾರ. ನೆರೆಯ ಎರಡು ಮೂರು ಆಸ್ಪತ್ರೆಗಳು ಕೂಡಿ ಒಬ್ಬರನ್ನು ನೇಮಿಸಿಕೊಂಡರೆ ಭಾರ ಹಂಚಿಹೋಗುತ್ತದೆ. ಪ್ರಯಾಣದ ವೇಳೆಗೆ ಹಣ ಯಾರದೆಂಬುದನ್ನು ಮಾತ್ರ ಮೊದಲೇ ಗೊತ್ತುಮಾಡಬೇಕು.

ಇಷ್ಟಾದರೂ ರಾತ್ರಿಯ ಪ್ರಶ್ನೆ ಉಳಿಯುತ್ತದೆ. ತಜ್ಞರು ಮನೆಗೆ ತೆರಳಿದ ಮೇಲೆ ದಾದಿಯೊಬ್ಬಳೇ ಕಪಾಟಿನಿಂದ ಔಷಧ ತೆಗೆಯಬೇಕಾಗಬಹುದು. ನಾರ್ತ್ ಡಕೋಟಾ ಸಂಸ್ಥಾನವು 2001ರಲ್ಲಿ ದೂರದ ಔಷಧದಂಗಡಿಗಳನ್ನು ತಜ್ಞರು ಬೇರೊಂದು ಊರಿನಿಂದಲೇ ದೃಶ್ಯಸಂಪರ್ಕದ ಮೂಲಕ ನೋಡಿಕೊಳ್ಳಲು ಅನುಮತಿಯಿತ್ತಿತು. ಈ ಕ್ರಮ ಮುಂದೆ ಆಸ್ಪತ್ರೆಗಳಿಗೂ ಹಬ್ಬಿತು. ಇದರಿಂದ ಪ್ರಯಾಣ ಉಳಿಯುತ್ತದೆ, ಸಂಭಾವನೆ ಉಳಿಯುವುದಿಲ್ಲ.

ತಡೆಗಟ್ಟಿದ ತಪ್ಪು ಯಾವ ಜಮಾಖರ್ಚಿನ ಪುಸ್ತಕದಲ್ಲಿಯೂ ಕಾಣಿಸದು. ಅದನ್ನು ತಡೆದ ಗಂಟೆಯಾದರೋ ಖರ್ಚಿನ ಕಡೆ ತಪ್ಪದೆ ಕಾಣಿಸುತ್ತದೆ. ಆದುದರಿಂದ ಮಿತವ್ಯಯದ ಕತ್ತರಿ ಮೊದಲು ಆ ಗಂಟೆಯ ಮೇಲೆಯೇ ಬೀಳುವ ಭಯವುಂಟು. ಔಷಧದ ಬೆಲೆಯನ್ನೂ ತಜ್ಞರ ವೇಳೆಯ ಬೆಲೆಯನ್ನೂ ಬೇರೆ ಬೇರೆಯಾಗಿ ಬರೆದಿಡುವ ಆಸ್ಪತ್ರೆಯು, ತಾನು ಕಡಿಯಹೊರಟಿರುವುದು ಏನನ್ನು ಎಂಬುದನ್ನಾದರೂ ತಿಳಿದಿರುತ್ತದೆ.