ವೃದ್ಧಾಶ್ರಮಕ್ಕೆ ಉಡುಗೊರೆ: ಕೊಡುವ ಮುನ್ನ ಕೇಳೋಣ

ಹಬ್ಬದ ದಿನ, ಮಕ್ಕಳ ಹುಟ್ಟುಹಬ್ಬ, ಅಗಲಿದ ಹಿರಿಯರ ಪುಣ್ಯತಿಥಿ ಮೊದಲಾದ ಸಂದರ್ಭಗಳಲ್ಲಿ ಸಮೀಪದ ವೃದ್ಧಾಶ್ರಮಕ್ಕೆ ಹೋಗಿ ಏನನ್ನಾದರೂ ಕೊಟ್ಟು ಬರುವ ಪದ್ಧತಿ ನಮ್ಮ ನಗರಗಳಲ್ಲಿ ಬೇರೂರಿದೆ. ಇದು ಸ್ತುತ್ಯವಾದ ಪದ್ಧತಿ. ಆದರೆ ಕೊಟ್ಟ ವಸ್ತು ಪಡೆದವರಿಗೆ ನಿಜವಾಗಿ ಒದಗಿತೇ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ದೀಪಾವಳಿಯ ಸಂಜೆ ಒಂದೇ ಆಶ್ರಮಕ್ಕೆ ಅನೇಕ ಸಿಹಿತಿಂಡಿಯ ಪೆಟ್ಟಿಗೆಗಳು ಬಂದು ಸೇರಬಹುದು. ಮಧುಮೇಹವುಳ್ಳ ನಿವಾಸಿಗಳಿಗೆ ಅವುಗಳಿಂದ ಪ್ರಯೋಜನವಿಲ್ಲ. ಅದೇ ಆಶ್ರಮದ ಮೂಲೆಯಲ್ಲಿ, ಶ್ರವಣ ಸಾಧನದ ಬ್ಯಾಟರಿ ಮುಗಿದುಹೋಗಿ, ಯಾರ ಮಾತೂ ಕೇಳಿಸದೆ ದಿನಗಟ್ಟಲೆ ಸುಮ್ಮನೆ ಕುಳಿತ ವೃದ್ಧೆಯೊಬ್ಬರು ಇರಬಹುದು. ಈ ಕೊರತೆಗೆ ಕಾರಣ ಹಣದ ಅಭಾವವಲ್ಲ. ನಾವು ಕೇಳದೆ ಕೊಟ್ಟದ್ದೇ ಕಾರಣ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮ, 2007ರ 19ನೆಯ ಪ್ರಕರಣವು, ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳಾವಕಾಶವುಳ್ಳ ಒಂದು ವೃದ್ಧಾಶ್ರಮವಾದರೂ ಇರುವಂತೆ ರಾಜ್ಯ ಸರ್ಕಾರಗಳು ಹಂತಹಂತವಾಗಿ ವ್ಯವಸ್ಥೆ ಮಾಡಬಹುದೆಂದು ಹೇಳುತ್ತದೆ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಆಶ್ರಮಗಳೂ, ಶುಲ್ಕ ಪಡೆದು ಆರೈಕೆ ನೀಡುವ ನಿಲಯಗಳೂ ಇವೆ. ಎಲ್ಲೆಡೆಯೂ ಒಂದು ಮಾತು ಸಮಾನವಾದುದು: ಅಲ್ಲಿರುವವರು ದಾನದ ಪಾತ್ರಗಳಲ್ಲ, ತಮ್ಮದೇ ಅಭಿರುಚಿ, ಅಭ್ಯಾಸ, ಅಭಿಮಾನಗಳುಳ್ಳ ವ್ಯಕ್ತಿಗಳು.

ಮೊದಲು ವಿಚಾರಿಸಬೇಕು

ಉಡುಗೊರೆಯ ಆಯ್ಕೆ ಅಂಗಡಿಯಲ್ಲಿ ಆರಂಭವಾಗಬಾರದು; ಆಶ್ರಮದ ಮೇಲ್ವಿಚಾರಕರೊಡನೆ ನಡೆಸುವ ಮಾತುಕತೆಯಲ್ಲಿ ಆರಂಭವಾಗಬೇಕು. ನಿವಾಸಿಗಳು ಎಷ್ಟು ಮಂದಿ? ಹಾಸಿಗೆ ಹಿಡಿದವರು ಎಷ್ಟು? ಈಗಾಗಲೇ ಸಾಕಷ್ಟಿರುವ ವಸ್ತು ಯಾವುದು? ಕೊರತೆಯಿರುವುದು ಯಾವುದು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತರೆ ಅರ್ಧ ಕೆಲಸ ಮುಗಿದಂತೆಯೇ. ಸಾಧ್ಯವಾದರೆ ನಿವಾಸಿಗಳನ್ನೇ ಕೇಳುವುದು ಇನ್ನೂ ಉತ್ತಮ. ಊಟದ ಹೊತ್ತು, ನಿದ್ರೆಯ ಹೊತ್ತು, ಕೋಣೆ, ಕೆಲವೆಡೆ ಉಡುಪು ಕೂಡ ಬೇರೆಯವರು ನಿರ್ಧರಿಸುವಂತಹ ಜೀವನದಲ್ಲಿ, "ನಿಮಗೇನು ಬೇಕು?" ಎಂಬ ಪ್ರಶ್ನೆಯೇ ಒಂದು ಗೌರವ.

ಆಹಾರ ಪದಾರ್ಥಗಳು

ಮನೆಯಲ್ಲಿ ಮಾಡಿದ ತಿನಿಸನ್ನು ಪ್ರೀತಿಯಿಂದ ಒಯ್ಯುವವರು ಕೆಲವು ಎಚ್ಚರಿಕೆಗಳನ್ನು ಗಮನದಲ್ಲಿಡಬೇಕು. ರಕ್ತದೊತ್ತಡವುಳ್ಳವರಿಗೆ ಉಪ್ಪಿನಕಾಯಿ, ಹಪ್ಪಳಗಳ ಉಪ್ಪು ಹಿತವಲ್ಲ. ಮೂತ್ರಪಿಂಡದ ತೊಂದರೆಯುಳ್ಳವರಿಗೆ ಎಳನೀರು, ಬಾಳೆಹಣ್ಣು ಕೂಡ ಅಪಾಯಕರವಾಗಬಹುದು. ಅವುಗಳಲ್ಲಿರುವ ಪೊಟ್ಯಾಸಿಯಂ ಇದಕ್ಕೆ ಕಾರಣ. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಹಲವರಿಗೆ ನುಂಗುವುದು ಕಷ್ಟ. ಗಟ್ಟಿಯಾದ ಚಕ್ಕುಲಿಯ ಚೂರು ಗಂಟಲಿನಲ್ಲಿ ಸಿಲುಕಿ ಪ್ರಾಣಕ್ಕೇ ಸಂಚಕಾರ ತರಬಹುದು. ಆದ್ದರಿಂದ ಯಾವ ತಿನಿಸನ್ನೂ ನೇರವಾಗಿ ಹಾಸಿಗೆಯ ಬಳಿ ಹಂಚದೆ, ದಾದಿಯರ ಅಥವಾ ಮೇಲ್ವಿಚಾರಕರ ಸಮ್ಮತಿ ಪಡೆದು ಕೊಡುವುದು ಕ್ಷೇಮಕರ.

ನಿತ್ಯೋಪಯೋಗಿ ವಸ್ತುಗಳು

ಬಟ್ಟೆ ಕೊಡುವುದಾದರೆ ಮುಂಭಾಗದಲ್ಲಿ ಗುಂಡಿಯಿರುವ, ಸಡಿಲವಾದ ಹತ್ತಿಯ ಉಡುಪನ್ನು ಆರಿಸಬೇಕು. ಭುಜವನ್ನು ಎತ್ತಲಾರದವರಿಗೆ ತಲೆಯ ಮೇಲಿನಿಂದ ತೊಡುವ ಬಟ್ಟೆ ಹಿಂಸೆ. ಆಶ್ರಮಗಳಲ್ಲಿ ಎಲ್ಲರ ಬಟ್ಟೆಯನ್ನೂ ಒಟ್ಟಿಗೆ ಒಗೆಯುವ ಪದ್ಧತಿ ಸಾಮಾನ್ಯವಾಗಿರುವುದರಿಂದ, ಒಳಭಾಗದಲ್ಲಿ ಹೆಸರನ್ನು ಹೊಲಿದು ಕೊಟ್ಟರೆ ಆ ಬಟ್ಟೆ ಅವರದಾಗಿಯೇ ಉಳಿಯುತ್ತದೆ. ಹಿಮ್ಮಡಿಯ ಪಟ್ಟಿಯಿಲ್ಲದ ಚಪ್ಪಲಿ, ಜಾರುವ ಅಡಿಯುಳ್ಳ ಪಾದರಕ್ಷೆಗಳು ಬೀಳಲು ಕಾರಣವಾಗುತ್ತವೆ, ಇವನ್ನು ವರ್ಜಿಸಬೇಕು. ದೆಹಲಿಯ ಚಳಿಗಾಲದಲ್ಲಿ ಉಣ್ಣೆಯ ಕಾಲುಚೀಲ, ಶಾಲುಗಳು ಒಳ್ಳೆಯ ಉಡುಗೊರೆಗಳು. ಚೆನ್ನೈಯಲ್ಲಿ ಅವು ಪೆಟ್ಟಿಗೆಯಲ್ಲೇ ಉಳಿದಾವು. ಬಿಸಿನೀರಿನ ಚೀಲವನ್ನು ಮಧುಮೇಹಿಗಳಿಗೆ ಕೊಡದಿರುವುದು ಲೇಸು. ಪಾದಗಳಲ್ಲಿ ಸ್ಪರ್ಶಜ್ಞಾನ ಕುಂದಿದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ.

ವಾರ, ದಿನಾಂಕಗಳನ್ನು ದಪ್ಪ ಅಕ್ಷರಗಳಲ್ಲಿ ತೋರಿಸುವ ಗಡಿಯಾರ, ಭೂತಕನ್ನಡಿ, ಮಕ್ಕಳು ಮೊಮ್ಮಕ್ಕಳ ಹೆಸರನ್ನು ಕೆಳಗೆ ಬರೆದ ಛಾಯಾಚಿತ್ರಗಳ ಪುಸ್ತಕ, ಇವೆಲ್ಲ ಅಲ್ಪ ವೆಚ್ಚದಲ್ಲಿ ಬಹುಕಾಲ ನೆರವಾಗುತ್ತವೆ. ಶ್ರವಣ ಸಾಧನದ ಬ್ಯಾಟರಿಗಳು 10, 312, 13, 675 ಎಂಬ ಸಂಖ್ಯೆಗಳಿಂದ ಗುರುತಿಸಲ್ಪಡುತ್ತವೆ. ಸಾಧನಕ್ಕೆ ಯಾವ ಸಂಖ್ಯೆಯದು ಬೇಕೆಂದು ಬರೆದುಕೊಂಡು ಹೋಗಿ ಕೊಳ್ಳಬೇಕು. ಮೇಲಿನ ಅಂಟುಚೀಟಿಯನ್ನು ಕಿತ್ತ ಕ್ಷಣದಿಂದ ಬ್ಯಾಟರಿಯ ಶಕ್ತಿ ವ್ಯಯವಾಗತೊಡಗುವುದರಿಂದ, ಬಳಸುವ ದಿನದವರೆಗೆ ಚೀಟಿಯನ್ನು ತೆಗೆಯಬಾರದು. ಆದರೆ ಶ್ರವಣ ಸಾಧನವನ್ನೇ ಉಡುಗೊರೆಯಾಗಿ ಕೊಂಡು ತರುವುದು ಸರಿಯಲ್ಲ. ಅದಕ್ಕೆ ಪರೀಕ್ಷೆ ಅಗತ್ಯ. ಬಡತನದ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಊರುಗೋಲು, ಶ್ರವಣ ಸಾಧನ ಮೊದಲಾದವುಗಳನ್ನು ಉಚಿತವಾಗಿ ಒದಗಿಸುವ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿತು. ಅರ್ಹರಾದವರಿಗೆ ಈ ಮಾಹಿತಿಯನ್ನು ತಿಳಿಸುವುದೂ ಉಪಕಾರವೇ.

ಭಾಷೆಯೂ ಒಂದು ಉಡುಗೊರೆ

ಮಕ್ಕಳ ಉದ್ಯೋಗದ ನಿಮಿತ್ತ ಪುಣೆಗೋ ಹೈದರಾಬಾದಿಗೋ ಬಂದು, ಕೊನೆಗೆ ಅಲ್ಲಿನ ಆಶ್ರಮವೊಂದನ್ನು ಸೇರಿದ ಕನ್ನಡಿಗ ಹಿರಿಯರ ಸಂಗತಿಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಮರೆವಿನ ಕಾಯಿಲೆಗೆ ಒಳಗಾದವರಲ್ಲಿ ಹಲವರು, ನಡುವಯಸ್ಸಿನಲ್ಲಿ ಕಲಿತ ಭಾಷೆಯನ್ನು ಬಿಟ್ಟು ತಾಯ್ನುಡಿಗೆ ಮರಳುವುದು ಕಂಡುಬಂದಿದೆ. ಆಗ "ಬೇಕು" ಎಂದರೋ "ಬೇಡ" ಎಂದರೋ ಎಂಬುದು ಕನ್ನಡ ತಿಳಿಯದ ಆರೈಕೆಯವರಿಗೆ ಅರ್ಥವಾಗುವುದಿಲ್ಲ. ನೋವನ್ನು ಹೇಳಿಯೂ ಹೇಳದಂತಾಗುತ್ತದೆ.

ಇದಕ್ಕೆ ಸುಲಭ ಪರಿಹಾರವೊಂದಿದೆ. ನೀರು, ಹಸಿವು, ನೋವು, ಚಳಿ, ಶೌಚ, ಬೇಕು, ಬೇಡ, ಸಾಕು ಮುಂತಾದ ಇಪ್ಪತ್ತು ಪದಗಳನ್ನು ಆರಿಸಿ, ಅವುಗಳ ಉಚ್ಚಾರಣೆಯನ್ನು ಆಯಾ ಊರಿನ ಲಿಪಿಯಲ್ಲಿ ಬರೆದು, ಎದುರಿಗೆ ಅರ್ಥವನ್ನು ಕೊಡಬೇಕು. ಉದಾಹರಣೆಗೆ "ಸಾಕು" ಎಂಬುದಕ್ಕೆ ಮರಾಠಿಯಲ್ಲಿ ಪುರೇ, ಹಿಂದಿಯಲ್ಲಿ ಬಸ್, ತಮಿಳಿನಲ್ಲಿ ಪೋದುಂ, ತೆಲುಗಿನಲ್ಲಿ ಚಾಲು. ಈ ಹಲಗೆಯನ್ನು ಹಾಸಿಗೆಯ ಪಕ್ಕದಲ್ಲಿ ತೂಗುಹಾಕಿದರೆ ಅದು ನಿವಾಸಿಗೂ ಸಿಬ್ಬಂದಿಗೂ ಏಕಕಾಲಕ್ಕೆ ಕೊಟ್ಟ ಉಡುಗೊರೆಯಾಗುತ್ತದೆ. ಆಕಾಶವಾಣಿಯ ಕನ್ನಡ ಕೇಂದ್ರಗಳ ಪ್ರಸಾರವನ್ನು ನ್ಯೂಸ್ ಆನ್ ಏರ್ ಎಂಬ ಮೊಬೈಲ್ ಆ್ಯಪ್ ಮೂಲಕ ದೂರದ ಊರುಗಳಲ್ಲೂ ಕೇಳಬಹುದು. ಅದನ್ನು ಅಳವಡಿಸಿ, ಬಳಸುವ ಕ್ರಮವನ್ನು ತಾಳ್ಮೆಯಿಂದ ತೋರಿಸಿಕೊಡಬೇಕು. ವಾರಕ್ಕೊಮ್ಮೆ ಅರ್ಧ ಗಂಟೆ ಕನ್ನಡ ಪತ್ರಿಕೆಯನ್ನು ಓದಿ ಹೇಳುವವರು ದೊರೆತರಂತೂ ಅದಕ್ಕೆ ಸಮನಾದ ಉಡುಗೊರೆ ಬೇರೊಂದಿಲ್ಲ. ಹೊರನಾಡಿನ ಕನ್ನಡ ಸಂಘಗಳು ಈ ಹೊಣೆಯನ್ನು ಸರದಿಯ ಮೇಲೆ ವಹಿಸಿಕೊಳ್ಳಬಹುದು.

ಸಿಬ್ಬಂದಿಯನ್ನು ಮರೆಯದಿರೋಣ

ಸ್ನಾನ ಮಾಡಿಸುವ, ಹಾಸಿಗೆ ಬದಲಿಸುವ, ನಡುರಾತ್ರಿಯಲ್ಲಿ ಎದ್ದು ಹೊರಳಿಸುವ ಕೈಗಳು ನಮ್ಮ ಗಮನಕ್ಕೆ ಬರುವುದೇ ಕಡಿಮೆ. ಕಚೇರಿಯ ಮೇಜಿನ ಮೇಲಿಟ್ಟ ಸಿಹಿ ಪೆಟ್ಟಿಗೆ ರಾತ್ರಿ ಪಾಳಿಯವರನ್ನೂ ಅಡುಗೆಯವರನ್ನೂ ಶುಚಿ ಮಾಡುವವರನ್ನೂ ತಲುಪದೆ ಹೋಗಬಹುದು. ಆದಕಾರಣ ಎಲ್ಲ ಪಾಳಿಯವರ ಪಟ್ಟಿ ಪಡೆದು ಸಮಾನವಾಗಿ ಕೊಡಬೇಕು. ಮುಂಬಯಿಯಲ್ಲಿ ಮಳೆಗಾಲಕ್ಕೆ ಮುನ್ನ ಕೊಡೆ, ದೆಹಲಿಯಲ್ಲಿ ಚಳಿಗೆ ಮುನ್ನ ಸ್ವೆಟರ್, ಶಾಲೆ ಆರಂಭವಾಗುವಾಗ ಅವರ ಮಕ್ಕಳಿಗೆ ನೋಟುಪುಸ್ತಕ, ಇಂಥವು ಉಪಯುಕ್ತ. ಒಬ್ಬರಿಗೆ ಮಾತ್ರ ಗುಟ್ಟಾಗಿ ಹಣ ಕೊಡುವುದು ಪಕ್ಷಪಾತಕ್ಕೂ ಸಂಶಯಕ್ಕೂ ದಾರಿಮಾಡುತ್ತದೆ. ಸರ್ಕಾರಿ ಆಶ್ರಮಗಳ ನೌಕರರಿಗೆ ಉಡುಗೊರೆ ಸ್ವೀಕರಿಸುವ ಬಗ್ಗೆ ನಡತೆಯ ನಿಯಮಗಳು ಅನ್ವಯಿಸುವುದರಿಂದ, ಮೊದಲು ವಿಚಾರಿಸುವುದು ಅವಶ್ಯ. ಎಲ್ಲ ಕಡೆಯೂ ಸಲ್ಲುವ ಉಡುಗೊರೆಯೆಂದರೆ ಮೆಚ್ಚುಗೆಯ ಪತ್ರ. "ನಮ್ಮ ತಾಯಿಯ ತಲೆಯನ್ನು ಇವರು ದಿನವೂ ಬಾಚುತ್ತಾರೆ" ಎಂದು ಹೆಸರು ಸಹಿತ ಬರೆದು ಮೇಲಧಿಕಾರಿಗೆ ಕೊಟ್ಟ ಒಂದು ಪುಟ, ಆ ಕೆಲಸಗಾರರ ಸೇವಾ ದಾಖಲೆಯಲ್ಲಿ ಉಳಿಯಬಹುದು.

ಕೊಡುವ ರೀತಿ

ಉಡುಗೊರೆ ಪಡೆಯುವವರ ಛಾಯಾಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯಬಾರದು. ನಗದನ್ನೂ ಬೆಲೆಬಾಳುವ ಒಡವೆಗಳನ್ನೂ ನಿವಾಸಿಗಳ ಕೈಗೆ ಕೊಡಬಾರದು. ಅವು ಕಳೆದುಹೋದರೆ ನಿರಪರಾಧಿಗಳ ಮೇಲೂ ಅಪವಾದ ಬರುತ್ತದೆ. ಅಕ್ಟೋಬರ್ 1ರ ಅಂತರರಾಷ್ಟ್ರೀಯ ಹಿರಿಯರ ದಿನದಂದು ಆಶ್ರಮಗಳಿಗೆ ಭೇಟಿ ನೀಡುವವರು ಹಲವರು. ಅದರ ಮುಂದಿನ ವಾರದ ಸಾಮಾನ್ಯ ಮಂಗಳವಾರ ಬರುವವರು ವಿರಳ. ಆ ಮಂಗಳವಾರವನ್ನು ನಾವು ಆರಿಸಿಕೊಳ್ಳೋಣ. ಆಶ್ರಮಗಳ ವಿವರ ಬೇಕಾದವರು ಅಥವಾ ಹಿರಿಯರ ಸಂಕಷ್ಟವನ್ನು ಕಂಡವರು, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕಾರ್ಯನಿರ್ವಹಿಸುವ 14567 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಗೆ ಕರೆಮಾಡಬಹುದು.

ವಸ್ತು ಚಿಕ್ಕದಾಗಿರಲಿ, ದೊಡ್ಡದಾಗಿರಲಿ, ಅದನ್ನು ಯಾರಿಗಾಗಿ ತಂದೆವೆಂಬುದು ನಮಗೆ ತಿಳಿದಿರಬೇಕು. ಹೆಸರು ಹಿಡಿದು ಕೊಟ್ಟ ಉಡುಗೊರೆ, ಪಡೆದವರಿಗೆ ತಾವು ಇನ್ನೂ ಲೋಕದ ಲೆಕ್ಕದಲ್ಲಿದ್ದೇವೆ ಎಂಬ ಭರವಸೆಯನ್ನು ನೀಡುತ್ತದೆ.